ಮೇಷ್ಟ್ರಿಗೆ ಅರ್ಪಣೆ

ಪ್ರಶ್ನೆ: ಕನ್ನಡ ಎಂ.ಎ. ಮಾಡು ಅಂತ ಹುರಿದುಂಬಿಸಿದ ಮೇಷ್ಟ್ರು ತೀರಿಕೊಂಡರು. ನನ್ನ ಪಿಎಚ್.ಡಿ. ಪ್ರಬಂಧ ಈಗ ಮುಗಿದಿದೆ. ಅವರೇ ಇಲ್ಲದ ಮೇಲೆ ಅರ್ಪಣೆ ಬರೆದು ಏನು ಪ್ರಯೋಜನ?
– ಓದುಗಿ, ಹಾಸನ

ಉತ್ತರ: ಖಂಡಿತ ಬರೆಯಿರಿ. ಕುವೆಂಪು ಮಾಡಿದ್ದೂ ಇದನ್ನೇ ಅಲ್ವಾ? ತತ್ವಶಾಸ್ತ್ರದ ಕಡೆ ಹೊರಟಿದ್ದ ಅವರನ್ನು ಕನ್ನಡ ಎಂ.ಎ.ಗೆ ಎಳೆದು ತಂದವರು ಮೈಸೂರಿನ ಟಿ.ಎಸ್. ವೆಂಕಣ್ಣಯ್ಯ. ಆ ಗುರುಗಳು 1939ರಲ್ಲೇ ಹೋಗಿಬಿಟ್ಟರು. ‘ಶ್ರೀ ರಾಮಾಯಣ ದರ್ಶನಂ’ ಮೊದಲ ಸಂಪುಟ ಅಚ್ಚಾಗಿದ್ದು 1949ರಲ್ಲಿ. ಆದರೂ ಶಿಷ್ಯ ಅದನ್ನು ಅವರಿಗೇ ಅರ್ಪಿಸಿದರು, ಅದೂ ಗುರುಗಳ ಎದುರೇ ನಿಂತು, ಇಗೋ ಮುಗಿಸಿ ತಂದೆ ಅಂತ ಒಪ್ಪಿಸುವ ಹಾಗೆ, ಪದ್ಯದಲ್ಲಿ. ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನೀವೂ ಸುಮ್ನೆ ‘ಪೂಜ್ಯ ಗುರುಗಳಿಗೆ’ ಅಂತ ಬಿಡಬೇಡಿ. ಹೆಸರು ಹಾಕಿ, ಅವರು ನಿಮಗೆ ಮೊದಲು ಓದಿಸಿದ ಪುಸ್ತಕ ಯಾವುದು ಅಂತಲೂ ಬರೆಯಿರಿ. ಒಂದು ಪ್ರತಿಯನ್ನು ಅವರ ಮನೆಯವರಿಗೆ ಕೊಟ್ಟು ಬನ್ನಿ.