ಹುಣಸೆ, ಲಿಂಬೆ, ಭಿರಂಡ ತುಪ್ಪ: ಅಡುಗೆಮನೆಯ ಡಬ್ಬಿಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಚೌತಿ ಹತ್ತಿರ ಬಂತು. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದೇವರ ಕೋಣೆಯ ಹಿತ್ತಾಳೆ ಸಾಮಾನಿನವೇ. ಅದಕ್ಕೇ ಮೊದಲ ಜಾಗ.

ಪ್ರಶ್ನೆ (ಡೊಂಬಿವಲಿ): ಊರಿನಿಂದ ತಂದ ಎರಡು ಹಿತ್ತಾಳೆ ಕಾಲುದೀಪಗಳಿವೆ. ಹುಣಸೆಹಣ್ಣು, ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು ತಿಕ್ಕಿದೆ. ಕೆಲವು ಕಡೆ ಹೊಳಪು ಬಂತು, ಬತ್ತಿ ಇಡುವಲ್ಲಿ ಕಪ್ಪು ಹಾಗೇ ಉಳಿಯಿತು, ತಳದಲ್ಲಿ ಗುಲಾಬಿ ಬಣ್ಣದ ಕಲೆ ಬಿತ್ತು. ನಾಲ್ಕೇ ದಿನಕ್ಕೆ ಹಸಿರು ಕಿಲುಬು ಬೇರೆ. ಊರಲ್ಲಿ ಅಮ್ಮ ಇದೇ ಹುಣಸೆಯಲ್ಲಿ ತೊಳೆಯುತ್ತಿದ್ದರು, ಹೀಗಾಗುತ್ತಿರಲಿಲ್ಲ.

ಉತ್ತರ: ನಿಮ್ಮ ಅಮ್ಮ ಹುಣಸೆಗಿಂತ ಮೊದಲು ಬೂದಿ ಹಾಕಿ ತಿಕ್ಕುತ್ತಿದ್ದರೇ, ನೆನಪು ಮಾಡಿಕೊಳ್ಳಿ. ಒಲೆಯ ಬೂದಿ ಕ್ಷಾರ, ಅದು ಎಣ್ಣೆ ಜಿಡ್ಡನ್ನು ಬಿಡಿಸುತ್ತದೆ. ಫ್ಲ್ಯಾಟಿನಲ್ಲಿ ಬೂದಿ ಇಲ್ಲ, ಹಾಗಾಗಿ ಆ ಹೆಜ್ಜೆಯೇ ತಪ್ಪಿಹೋಗುತ್ತದೆ. ಬತ್ತಿಯ ಸುತ್ತ ಉಳಿದ ಕಪ್ಪು ಲೋಹದ ಕಪ್ಪಲ್ಲ. ಅದು ಕಾದು ಕಾದು ವಾರ್ನಿಶ್‌ನಂತೆ ಗಟ್ಟಿಯಾದ ಎಣ್ಣೆ ಮತ್ತು ಮಸಿ. ಹುಳಿಗೆ ಜಿಡ್ಡು ಕರಗುವುದಿಲ್ಲ, ಜಿಡ್ಡಿನ ಕೆಳಗಿರುವ ಲೋಹಕ್ಕೆ ಹುಳಿ ಮುಟ್ಟುವುದೂ ಇಲ್ಲ.

ಆದ್ದರಿಂದ ಮೊದಲು ದೀಪದ ಬಿಡಿಭಾಗಗಳನ್ನು ತಿರುಗಿಸಿ ಬಿಚ್ಚಿ. ಹಸಿ ಎಣ್ಣೆಯಿದ್ದರೆ ಒಂದು ಹಿಡಿ ಅಕ್ಕಿಹಿಟ್ಟು ಉದುರಿಸಿ ಒರೆಸಿ, ಹಿಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆಮೇಲೆ 2 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ 20 ನಿಮಿಷ ಮುಳುಗಿಸಿಡಿ. ವಾಷಿಂಗ್ ಸೋಡಾ ಬೇರೆ, ತಿಂಡಿಗೆ ಹಾಕುವ ಅಡುಗೆ ಸೋಡಾ ಬೇರೆ. ಕೈಗೆ ಗ್ಲೌಸ್ ಇರಲಿ. ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಮೇಲ್ಮೈ ಮೇಲೆ ನೀರು ಸುರಿದು ನೋಡಿ. ನೀರು ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ, ಹನಿ ಹನಿಯಾಗಿ ನಿಂತರೆ ಇನ್ನೂ ಇದೆ.

ಈಗ ಹುಣಸೆ. ಲಿಂಬೆ ಗಾತ್ರದ ಹುಳಿಯನ್ನು ಅರ್ಧ ಕಪ್ ಬಿಸಿನೀರಿನಲ್ಲಿ 15 ನಿಮಿಷ ನೆನೆಸಿ ಕಿವುಚಿ, ಬೀಜ ತೆಗೆದು, 1 ಚಿಕ್ಕ ಚಮಚ ಪುಡಿ ಉಪ್ಪು ಬೆರೆಸಿ. ಹುಣಸೆಯ ಟಾರ್ಟಾರಿಕ್ ಆಮ್ಲ ಕಪ್ಪು ಪದರವನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಹಚ್ಚಿ 2–3 ನಿಮಿಷ, ಅಷ್ಟೇ. ಒಮ್ಮೆಗೆ ಪೂರ್ತಿ ಹೋಗದಿದ್ದರೆ ತೊಳೆದು ಇನ್ನೊಮ್ಮೆ ಹಚ್ಚಿ, ಅರ್ಧ ಗಂಟೆ ಮಾತ್ರ ಬಿಡಬೇಡಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಹುಳಿ ಬಹಳ ಹೊತ್ತು ಕೂತರೆ ಮೇಲಿನ ಸತು ಕರಗಿ ಹೋಗಿ ಬರೀ ತಾಮ್ರ ಉಳಿಯುತ್ತದೆ. ನಿಮ್ಮ ಗುಲಾಬಿ ಕಲೆ ಅದೇ. ಅದು ತೆಳು ಪದರವಾದ್ದರಿಂದ ಗಾಬರಿ ಬೇಡ, ಜರಡಿ ಹಿಡಿದ ನಯವಾದ ಬೂದಿ ಅಥವಾ ಲೋಹದ ಪಾಲಿಶ್ ಹಾಕಿ ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ.

ಹಸಿರು ಕಿಲುಬಿಗೆ ಕಾರಣ ಉಳಿದ ಉಪ್ಪು. ಕೆತ್ತನೆಯ ಸಂದಿಯಲ್ಲಿ ಚೂರು ಉಪ್ಪು ಉಳಿದರೂ ಮುಂಬಯಿಯ ಮಳೆಗಾಲದ ತೇವಕ್ಕೆ ಅದು ತಾಮ್ರದ ಜೊತೆ ಸೇರಿ ಹಸಿರಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ಉಜ್ಜಿ, ಹರಿಯುವ ನೀರಿನಲ್ಲಿ ಎರಡು ಸಲ ತೊಳೆದು, ತಕ್ಷಣ ಒರೆಸಿ, ಒಂದು ಗಂಟೆ ಫ್ಯಾನಿನ ಕೆಳಗಿಡಿ. ತಾನೇ ಆರಲಿ ಎಂದು ಬೋರಲು ಹಾಕಿದರೆ ನೀರಿನ ಕಲೆ ಖಂಡಿತ. ಹುಣಸೆಯ ಬದಲು ಬಿಂಬುಳಿ, ಭಿರಂಡ (ಮುರುಗಲು) ಸಿಪ್ಪೆ, ಹಿಂಡಿದ ಲಿಂಬೆ ಸಿಪ್ಪೆ ಯಾವುದಾದರೂ ಆದೀತು. ಹೊಸ ದೀಪಗಳಿಗೆ ಕೆಲವೊಮ್ಮೆ ಲ್ಯಾಕರ್ ಎಂಬ ಪಾರದರ್ಶಕ ಲೇಪ ಬಳಿದಿರುತ್ತಾರೆ. ಅದಕ್ಕೆ ಹುಣಸೆ ಹತ್ತುವುದೇ ಇಲ್ಲ, ಸೋಪಿನ ನೀರು ಸಾಕು.

ಬೆಳ್ಳಿಯ ಕುಂಕುಮ ಭರಣಿಗೆ ದಯವಿಟ್ಟು ಹುಣಸೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಬೆಳ್ಳಿಯ ಕಪ್ಪು ಗಂಧಕದ್ದು, ಹುಳಿಗೆ ಜಗ್ಗುವುದಿಲ್ಲ. ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, 1 ಲೀಟರ್ ಕುದಿನೀರು, ತಲಾ 1 ದೊಡ್ಡ ಚಮಚ ಅಡುಗೆ ಸೋಡಾ ಮತ್ತು ಉಪ್ಪು ಹಾಕಿ, ಬೆಳ್ಳಿ ಫಾಯಿಲ್‌ಗೆ ತಾಗುವಂತೆ 5 ನಿಮಿಷ ಇಡಿ. ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಂಧಕ ಬೆಳ್ಳಿಯನ್ನು ಬಿಡುತ್ತಿದೆ ಎಂದರ್ಥ. ಮುತ್ತು, ಹರಳು ಕೂರಿಸಿದ್ದಕ್ಕೆ, ಬೇಕೆಂದೇ ಕಪ್ಪು ಮಾಡಿದ ಕೆತ್ತನೆಗೆ ಇದು ಸಲ್ಲದು.

ಪ್ರಶ್ನೆ (ಪುಣೆ, ವಾಘೋಲಿ): ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು. ಕೆಟಲ್, ನಲ್ಲಿ, ಶವರ್ ಎಲ್ಲ ಬಿಳಿ ಗಾರೆ ಕಟ್ಟಿದೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಹಾಕಿದರೆ ನೊರೆ ಬರುತ್ತದೆ, ಆದರೆ ಗಾರೆ ಹೋಗುತ್ತಿಲ್ಲ.

ಉತ್ತರ: ನೊರೆ ಬಂದದ್ದು ಎರಡೂ ಒಂದನ್ನೊಂದು ಕೊಂದದ್ದಕ್ಕೆ. ಆಮ್ಲ, ಕ್ಷಾರ ಸೇರಿ ಗಾಳಿ ಹೊರಬಿದ್ದು, ಉಳಿಯುವುದು ಒಂದು ಬಗೆಯ ಉಪ್ಪುನೀರು. ಗಾರೆ ಎಂದರೆ ಸುಣ್ಣದ ಅಂಶ, ಅದಕ್ಕೆ ಬರೀ ಹುಳಿ ಬೇಕು. ಕಿರಾಣಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಕೇಳಿ, ಕೆಲವರು ಲಿಂಬೂ ಫೂಲ್ ಎನ್ನುತ್ತಾರೆ. ಕೆಟಲಿಗೆ ಅರ್ಧ ಲೀಟರ್ ನೀರು, 2 ಚಿಕ್ಕ ಚಮಚ ಹರಳು, ಒಂದು ಕುದಿ, 30 ನಿಮಿಷ ಬಿಡಿ. ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ. ಶವರ್ ಮುಖಕ್ಕೆ ಇದೇ ನೀರನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಟ್ಟಿ. ನಲ್ಲಿಗೆ ನೆನೆಸಿದ ಬಟ್ಟೆ ಸುತ್ತಿ. ಎರಡಕ್ಕೂ ಅರ್ಧ ಗಂಟೆ ಸಾಕು, ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಲೇಪ ಹಾಳಾಗುತ್ತದೆ.

ಹುಳಿ ಚೆಲ್ಲಿದ ಕಲ್ಲನ್ನೂ ನೋಡಿಕೊಳ್ಳಿ. ಮುಂಬಯಿ, ಪುಣೆಯ ಹಳೆ ಬಿಲ್ಡಿಂಗ್‌ಗಳ ಅಡುಗೆ ಕಟ್ಟೆ ಹೆಚ್ಚಾಗಿ ಕರಿ ಕಡಪಾ ಕಲ್ಲಿನದು. ಕಡಪಾ, ಕೋಟಾ ಎರಡೂ ಸುಣ್ಣದ ಕಲ್ಲುಗಳೇ, ಅಮೃತಶಿಲೆಯದೂ ಅದೇ ಜಾತಿ. ಗಾರೆಯನ್ನು ತಿನ್ನುವ ಹುಳಿ ಇವನ್ನೂ ತಿನ್ನುತ್ತದೆ. ಹೆಚ್ಚಿದ ಲಿಂಬೆ ಇಟ್ಟ ಜಾಗದಲ್ಲಿ ಬೂದುಬಣ್ಣದ ಮಂಕು ಕಲೆ ಬಿದ್ದಿರುತ್ತದಲ್ಲ, ಅದು ಕೊಳೆಯಲ್ಲ, ಕಲ್ಲೇ ಸವೆದದ್ದು. ಗ್ರಾನೈಟ್‌ಗೆ ಆ ಭಯವಿಲ್ಲ.

ಇನ್ನೊಂದು ಮಾತು, ಇದನ್ನು ಮನೆಯ ಎಲ್ಲರಿಗೂ, ಕೆಲಸದಾಕೆಗೂ ಹೇಳಿಡಿ. ವಿನೆಗರ್, ಲಿಂಬೆ, ಸಿಟ್ರಿಕ್ ಆಸಿಡ್, ಟಾಯ್ಲೆಟ್ ಆಸಿಡ್ ಇವುಗಳಲ್ಲಿ ಯಾವುದನ್ನೂ ಬ್ಲೀಚ್ ಅಥವಾ ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಬಾರದು. ಕ್ಲೋರಿನ್ ವಿಷಗಾಳಿ ಏಳುತ್ತದೆ, ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಕಣ್ಣು, ಗಂಟಲು ಉರಿದರೆ ಎಲ್ಲ ಅಲ್ಲೇ ಬಿಟ್ಟು ಹೊರಗೆ ಬನ್ನಿ.

ಪ್ರಶ್ನೆ (ಮುಲುಂಡ್): ಮಳೆಗಾಲದಲ್ಲಿ ತೊಗರಿಬೇಳೆ, ರವೆಗೆ ಹುಳ. ಬೇವಿನ ಎಲೆ, ಒಣಮೆಣಸು ಹಾಕಿದರೂ ನಿಲ್ಲುತ್ತಿಲ್ಲ. ಅಂಗಡಿಯವರು ಪಾರದದ ಗುಳಿಗೆ ಕೊಡುತ್ತೇನೆ ಎನ್ನುತ್ತಾರೆ.

ಉತ್ತರ: ಬೇಡ. ಪಾರದ ಎಂದರೆ ಪಾದರಸ. ಬಟ್ಟೆಯಲ್ಲಿ ಕಟ್ಟಿ ಡಬ್ಬಿಗೆ ಹಾಕಿದರೂ ಅದು ಆವಿಯಾಗುತ್ತದೆ, ಗುಳಿಗೆ ಸವೆದಂತೆ ಕಾಳಿಗೂ ಹತ್ತುತ್ತದೆ. ಇದಕ್ಕಿಂತ ಅಪಾಯ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಅದು ಗೋದಾಮಿಗೆ ಮಾಡಿದ್ದು, ತೇವ ತಾಗಿದರೆ ಹೊರಬರುವ ಗಾಳಿ ಮಲಗಿದವರನ್ನು ಏಳಗೊಡುವುದಿಲ್ಲ. ಯಾರು ಕೊಟ್ಟರೂ ಮನೆಯೊಳಗೆ ತರಬೇಡಿ.

ಬೇವು, ಮೆಣಸು ಹೊರಗಿನಿಂದ ಬರುವ ಹುಳವನ್ನು ಒಂದಿಷ್ಟು ದೂರ ಇಟ್ಟಾವು. ಆದರೆ ಮೊಟ್ಟೆ ಹೆಚ್ಚಾಗಿ ಅಂಗಡಿಯಿಂದಲೇ ಬಂದಿರುತ್ತದೆ. ಅಕ್ಕಿಯ ಮೂತಿಹುಳವಂತೂ ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ಮುಚ್ಚುತ್ತದೆ. ಎಲೆಯ ವಾಸನೆ ಅಲ್ಲಿಗೆ ತಲುಪುವುದೆಲ್ಲಿ? ಬೇಳೆಗೆ ಹಿರಿಯರು ಮಾಡುತ್ತಿದ್ದ ಹರಳೆಣ್ಣೆಯ ಉಪಾಯವೇ ಸರಿ. 1 ಕೆಜಿ ಒಣ ಬೇಳೆಗೆ 1 ಚಿಕ್ಕ ಚಮಚ ಎಣ್ಣೆ, ಅಂಗೈಯಲ್ಲಿ ಎಲ್ಲ ಕಾಳೂ ಮಿರುಗುವಷ್ಟು ಉಜ್ಜಿ, ಬಿಗಿ ಡಬ್ಬಿಗೆ ಹಾಕಿ. ಜಾರುವ ಬೇಳೆಗೆ ಮೊಟ್ಟೆ ಅಂಟುವುದಿಲ್ಲ, ಅಂಟಿದರೂ ಉಸಿರುಗಟ್ಟುತ್ತದೆ. ಬೇಯಿಸುವ ಮೊದಲು ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ.

ರವೆ, ಹಿಟ್ಟಿಗೆ ಎಣ್ಣೆ ನಡೆಯದು. ತಂದ ದಿನವೇ ಅರ್ಧ ಕೆಜಿಯ ಚಪ್ಪಟೆ ಪೊಟ್ಟಣ ಮಾಡಿ 4 ದಿನ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಪೊಟ್ಟಣದ ತಣ್ಣಗು ಪೂರ್ತಿ ಹೋಗುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಒಳಗೆ ಬೆವರು ಕಟ್ಟಿ ರವೆ ಗಂಟಾಗುತ್ತದೆ.

ಪ್ರಶ್ನೆ (ಮಾಪ್ಸಾ, ಗೋವಾ): ಶುಕ್ರವಾರದ ಸಂತೆಯಲ್ಲಿ ಭಿರಂಡ ತುಪ್ಪ ಸಿಗುತ್ತದೆ. ನಮ್ಮ ಅತ್ತೆ ಅದನ್ನು ಕಾಯಿಸಿ ಹಿಮ್ಮಡಿಯ ಬಿರುಕಿಗೆ ಬಿಸಿಬಿಸಿ ಬಿಡುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಇದು ಸರಿಯೇ? ಅಸಲಿ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ತುಪ್ಪ ಸರಿ, ಬಿಸಿ ಬಿಡುವುದು ಸರಿಯಲ್ಲ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಸುಟ್ಟದ್ದು ಗೊತ್ತಾಗುವುದಿಲ್ಲ, ಹುಣ್ಣಾದ ಮೇಲೆ ಮಾಯುವುದೂ ತಡ. ಅತ್ತೆಯವರಿಗೆ ಇದನ್ನು ಮೆಲ್ಲಗೆ ತಿಳಿಸಿ ಹೇಳಿ.

ಊರ ಕಡೆ ನಾವು ಮುರುಗಲು ಅಥವಾ ಪುನರ್ಪುಳಿ ಎನ್ನುವ ಹಣ್ಣೇ ಇದು. ಸಿಪ್ಪೆ ಸಾರಿಗೆ, ಬೀಜ ತುಪ್ಪಕ್ಕೆ. ಒಣಗಿಸಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ಅದನ್ನು ಕೆನೆಯಂತೆ ತೆಗೆದು ಉಂಡೆ ಕಟ್ಟುತ್ತಾರೆ. ಇದು ಕರಗುವುದು ಸುಮಾರು 40 ಡಿಗ್ರಿಗೆ. ಹಾಗಾಗಿ ಗೋವಾದ ಸೆಕೆಯಲ್ಲೂ ಅಸಲಿ ಉಂಡೆ ಕಲ್ಲಿನಂತೆ ಇರುತ್ತದೆ, ಉಗುರು ಒತ್ತಿದರೆ ಇಳಿಯದೆ ಚಕ್ಕೆಯಾಗಿ ಸಿಡಿಯುತ್ತದೆ. ಒತ್ತಿದ ಕೂಡಲೇ ಬೆರಳು ಹೂತರೆ ವನಸ್ಪತಿ ಬೆರೆತಿದೆ ಎಂದು ಸಂಶಯಪಡಿ.

ಮಾಡುವ ಕ್ರಮ ಹೀಗೆ. ರಾತ್ರಿ 10–15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ಇಡಲಿ. ನೀರಿನ ಬಿಸಿಯನ್ನು ನೀವು ಮೊಣಕೈ ಅದ್ದಿ ನೋಡಿ, ಅವರ ಪಾದವನ್ನು ನಂಬಬೇಡಿ. ದಪ್ಪ ಚರ್ಮವನ್ನು ಮೆತ್ತಗೆ ಉಜ್ಜಿ. ಸಕ್ಕರೆ ಕಾಯಿಲೆ ಇರುವವರಿಗೆ ಕಲ್ಲು, ಬ್ಲೇಡು ಬೇಡವೇ ಬೇಡ, ಒರಟು ಟವೆಲ್ ಸಾಕು. ಒರೆಸಿ, ತೇವ ಇನ್ನೂ ಇರುವಾಗಲೇ ತುಪ್ಪ ಹಚ್ಚಬೇಕು. ಕೊಬ್ಬು ತಾನಾಗಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರನ್ನು ಒಳಗೆ ಮುಚ್ಚಿಡುತ್ತದೆ. ಒಣ ಹಿಮ್ಮಡಿಗೆ ಹಚ್ಚಿ ಫಲವಿಲ್ಲ ಎನ್ನುವವರು ತಪ್ಪುವುದು ಇಲ್ಲೇ. ಕಡಲೆಬೀಜದಷ್ಟು ಚೂರನ್ನು ಚಮಚದಲ್ಲಿಟ್ಟು, ಚಮಚದ ತಳವನ್ನು ಬಿಸಿನೀರಿಗೆ ತಾಗಿಸಿ ಕರಗಿಸಿ. ನಿಮ್ಮ ಮಣಿಕಟ್ಟಿಗೆ ಒಂದು ಹನಿ ಹಾಕಿ ನೋಡಿ, ಬಿಸಿ ಅನ್ನಿಸಬಾರದು. ಬಿರುಕಿನೊಳಗೆ ತುಂಬಿ, ಹತ್ತಿಯ ಕಾಲುಚೀಲ ಹಾಕಿ. ಒಂದೆರಡು ವಾರದಲ್ಲಿ ವ್ಯತ್ಯಾಸ ಕಾಣಬೇಕು.

ಬಿರುಕಿನಿಂದ ರಕ್ತ, ಕೀವು ಬಂದರೆ ಕಾಯದೆ ವೈದ್ಯರ ಬಳಿ ಹೋಗಿ. ಬೆರಳ ಸಂದಿ ಬಿಳಿಚಿ ತುರಿಸುತ್ತಿದ್ದರೆ ಅದು ಮಳೆಗಾಲದ ಶಿಲೀಂಧ್ರ, ತುಪ್ಪದಿಂದ ಹೋಗದು.

ಪ್ರಶ್ನೆ (ವಾಸ್ಕೋ): ತಂಗಿ ಮುಖಕ್ಕೆ ಲಿಂಬೆರಸ, ಜೇನು ಹಚ್ಚಿ ತೊಳೆದು ಮಧ್ಯಾಹ್ನ ಸ್ಕೂಟರಿನಲ್ಲಿ ಹೋದಳು. ಎರಡು ದಿನ ಬಿಟ್ಟು ಕೆನ್ನೆ ಉರಿದು, ಈಗ ಕಂದು ಪಟ್ಟೆ.

ಉತ್ತರ: ಲಿಂಬೆಯ ಸಿಪ್ಪೆ, ರಸದಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ಉರಿ ಕೂಡಲೇ ಬರುವುದಿಲ್ಲ, ಒಂದು ದಿನ ಬಿಟ್ಟು ಶುರುವಾಗಿ ಎರಡು ಮೂರನೇ ದಿನ ಹೆಚ್ಚುತ್ತದೆ. ಅದಕ್ಕೇ ಜನ ಲಿಂಬೆಯನ್ನು ಸಂಶಯಿಸುವುದಿಲ್ಲ. ಬೀಚಿನಲ್ಲಿ ಶರಬತ್ತಿಗೆ ಲಿಂಬೆ ಹಿಂಡಿದವರ ಕೈಮೇಲೆ ಹನಿ ಸೋರಿದ ಗೆರೆಯಂತೆಯೇ ಕಲೆ ಬೀಳುವುದೂ ಇದರಿಂದಲೇ. ಪಟ್ಟೆ ತಾನಾಗಿ ಮಾಸುತ್ತದೆ, ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಮುಖಕ್ಕೆ ದುಪಟ್ಟಾ. ಗುಳ್ಳೆ ಎದ್ದಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಕಲೆ ತೆಗೆಯಲೆಂದು ಅಡುಗೆ ಸೋಡಾ, ಬೆಳ್ಳುಳ್ಳಿ ಹಚ್ಚಬೇಡಿ, ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಏನಾದರೂ ಹಚ್ಚಲೇಬೇಕೆಂದರೆ ಉರಿ ಪೂರ್ತಿ ಇಳಿದ ಮೇಲೆ 2 ಚಮಚ ಕಡಲೆಹಿಟ್ಟನ್ನು ಮೊಸರಿನಲ್ಲಿ ಕಲಸಿ 5 ನಿಮಿಷ. ಒಣಗಿ ಬಿಗಿಯುವ ಮೊದಲೇ ತೊಳೆಯಬೇಕು.

ಪ್ರಶ್ನೆ (ಠಾಣೆ): ಏಳು ತಿಂಗಳ ಮಗುವಿಗೆ ಕೆಮ್ಮು. ಅಮ್ಮ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸೋಣ ಎನ್ನುತ್ತಾರೆ, ಪಕ್ಕದ ಮನೆಯ ಕಾಕು ಕೂಸುಗಳಿಗೆ ಕೊಡುವ ಮನೆಮದ್ದು ಬಾಳಗುಟಿ ಎನ್ನುತ್ತಾರೆ.

ಉತ್ತರ: ಒಂದು ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ಬೇಡ, ಬಜೆಗಾಗಲಿ ಗುಟಿಗಾಗಲಿ ಬೆರೆಸಿಯೂ ಬೇಡ. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಗಳಿರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಹಸುಗೂಸಿನದು ತಡೆಯುವುದಿಲ್ಲ. ಜೇನನ್ನು ಕುದಿಸಿದರೂ ಅವು ಸಾಯುವುದಿಲ್ಲ. ಬಜೆ, ಗುಟಿಯನ್ನೂ ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ. ಎದೆಹಾಲು ಮತ್ತೆ ಮತ್ತೆ ಕುಡಿಸಿ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಹೆಚ್ಚಾದರೆ, ಎದೆ ಗುಳಿ ಬೀಳುತ್ತಿದ್ದರೆ, ಹಾಲು ಬೇಡವೆಂದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.