ಸ್ಯಾನಿಟೈಸರ್ ಹಚ್ಚಿಕೊಂಡರೆ ಗ್ಯಾಸ್ ಅಲಾರಂ ಕೂಗುವುದೇಕೆ?

ಪ್ರಶ್ನೆ: ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದ್ದರೂ, ಹತ್ತಿರದಲ್ಲಿ ಯಾರಾದರೂ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ನಮ್ಮ ಅಡುಗೆಮನೆಯ ಅನಿಲ ಸೋರಿಕೆ ಅಲಾರಂ ಕೂಗುತ್ತದೆ. ಅದರ ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅದು ತನ್ನ ಸ್ವಭಾವಕ್ಕೆ ತಕ್ಕಂತೆಯೇ ವರ್ತಿಸುತ್ತಿದೆ. ಇಂತಹ ಅಲಾರಂಗಳಲ್ಲಿ ಸಾಮಾನ್ಯವಾಗಿ ಇರುವುದು ತವರದ ಆಕ್ಸೈಡ್ ಎಂಬ ಅರೆವಾಹಕದ ಪದರ. ಪುಟ್ಟ ಹೀಟರ್ ಒಂದು ಅದನ್ನು ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಇಟ್ಟಿರುತ್ತದೆ. ಆ ಬಿಸಿಯಲ್ಲಿ ಗಾಳಿಯ ಆಮ್ಲಜನಕವು ಪದರದ ಕಣಗಳ ಮೈಗೆ ಅಂಟಿಕೊಂಡು, ಅವುಗಳೊಳಗಿನ ಎಲೆಕ್ಟ್ರಾನುಗಳನ್ನು ಸೆಳೆದು ಹಿಡಿದುಕೊಳ್ಳುವುದರಿಂದ ಪದರದ ವಿದ್ಯುತ್ ರೋಧ ಹೆಚ್ಚಾಗಿರುತ್ತದೆ. ಪ್ರೊಪೇನ್, ಬ್ಯುಟೇನ್‌ನಂತಹ ಉರಿಯುವ ಅನಿಲ ಬಂದಾಗ ಅದು ಆ ಆಮ್ಲಜನಕದೊಂದಿಗೆ ವರ್ತಿಸುತ್ತದೆ, ಎಲೆಕ್ಟ್ರಾನುಗಳು ಪದರಕ್ಕೆ ಮರಳುತ್ತವೆ, ರೋಧ ಕುಸಿಯುತ್ತದೆ. ಆ ಕುಸಿತವೇ ಅಲಾರಮಿಗೆ ಸೂಚನೆ. ಸ್ಯಾನಿಟೈಸರಿನ ಆಲ್ಕೊಹಾಲ್ ಆವಿಯೂ ಇದೇ ಕೆಲಸ ಮಾಡುತ್ತದೆ. ಪದರಕ್ಕೆ ತಿಳಿಯುವುದು ಆಮ್ಲಜನಕ ಕಡಿಮೆಯಾದದ್ದು ಮಾತ್ರ, ಅದನ್ನು ಕಸಿದವರು ಯಾರೆಂಬುದಲ್ಲ.

ಪ್ರತಿ ಕಣದಲ್ಲೂ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಹೊರವಲಯದ ದಪ್ಪ ಕೆಲವೇ ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ದಪ್ಪ ಕಣದಲ್ಲಿ ಈ ಬದಲಾವಣೆ ಚರ್ಮದ ಮಟ್ಟದಲ್ಲೇ ನಿಂತುಬಿಡುತ್ತದೆ. ಕಣ ಆರೇಳು ನ್ಯಾನೊಮೀಟರಿಗೆ ಇಳಿದರೆ ಇಡೀ ಕಣವೇ ಅನಿಲಕ್ಕೆ ಸ್ಪಂದಿಸುತ್ತದೆ. ಸೂಕ್ಷ್ಮ ಕಣಗಳ ತೆಳುಪದರಗಳತ್ತ ಸಂಶೋಧಕರು ಒಲಿಯಲು ಇದೊಂದು ಕಾರಣ; ತೆಳುವಾದದ್ದನ್ನು ಬಿಸಿ ಮಾಡಲು ಕಡಿಮೆ ವಿದ್ಯುತ್ ಸಾಕೆಂಬುದು ಇನ್ನೊಂದು. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಸೆಯಾಮಾ ಮತ್ತು ಸಂಗಡಿಗರು 1962ರಲ್ಲೇ ಸತುವಿನ ಆಕ್ಸೈಡಿನ ತೆಳುಪದರದಿಂದ ಅನಿಲಗಳನ್ನು ಪತ್ತೆ ಮಾಡಿ ತೋರಿಸಿದ್ದರು. ಹಾಗೆಂದು ಅಗ್ಗದ ಅಲಾರಂಗಳಲ್ಲೆಲ್ಲ ತೆಳುಪದರವೇ ಇದೆ ಎಂದುಕೊಳ್ಳಬೇಡಿ. ಹಲವುಗಳಲ್ಲಿ ಇನ್ನೂ ಪುಡಿಯನ್ನು ಲೇಪಿಸಿ ಸುಟ್ಟ ದಪ್ಪ ಪದರವೇ ಇರುತ್ತದೆ.

ಪಲ್ಲೇಡಿಯಂ, ಪ್ಲಾಟಿನಂಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿ, ಹೀಟರಿನ ಬಿಸಿಯನ್ನು ಹೊಂದಿಸಿ, ಒಂದು ಅನಿಲದತ್ತ ಹೆಚ್ಚು ಒಲವು ಬರುವಂತೆ ಮಾಡಬಹುದು. ಆದರೆ ಒಲವು ಬೇರೆ, ಗುರುತಿಸುವುದು ಬೇರೆ. ನನ್ನ ಮಟ್ಟಿಗೆ, ಆಲ್ಕೊಹಾಲಿಗೆ ಕೂಗುವ ಅಲಾರಮಿಗಿಂತ ಯಾವುದಕ್ಕೂ ಕೂಗದ ಅಲಾರಂ ಹೆಚ್ಚು ಚಿಂತೆಯ ವಿಷಯ. ಕಿಟಕಿಯ ಸಂದಿಗೆ ಹಚ್ಚುವ ಸಿಲಿಕೋನ್ ಅಂಟಿನ ಆವಿ ಬಿಸಿ ಪದರದ ಮೇಲೆ ಸಿಲಿಕಾ ಲೇಪವಾಗಿ ಕುಳಿತು, ಅದನ್ನು ಶಾಶ್ವತವಾಗಿ ಮಂಕಾಗಿಸಬಲ್ಲದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಅಲಾರಮನ್ನು ನೆಲದ ಸಮೀಪದಲ್ಲೇ ಅಳವಡಿಸಿ. ಇನ್ನು ಅದರ ಪರೀಕ್ಷಾ ಗುಂಡಿಯ ಮಾತು: ಹಲವು ಅಲಾರಂಗಳಲ್ಲಿ ಅದು ಸದ್ದು ಮತ್ತು ಸರ್ಕಿಟ್ಟನ್ನಷ್ಟೇ ಪರೀಕ್ಷಿಸುತ್ತದೆ, ಪದರವನ್ನಲ್ಲ. ಆದ್ದರಿಂದ ತಯಾರಕರು ನಮೂದಿಸಿರುವ ಅವಧಿ ಮುಗಿದೊಡನೆ ಸೆನ್ಸರನ್ನು ಬದಲಿಸಿ.