ನಿಮ್ಮ ಲೇಖನದಲ್ಲಿ ಕೆಲಸ ಮಾಡಿದವರೇ ಕಾಣೆ

ನಮಸ್ಕಾರ.

ನೀವು ಕಳಿಸಿದ ‘ಅಂತರ್ಜಾಲ ತಟಸ್ಥತೆ: ಒಂದು ಅವಲೋಕನ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂಪಾದಕನಾಗಿ, ಎರಡನೇ ಸಲ ಸಿಟ್ಟಿನಿಂದ. ಹಾಕಲು ಆಗದ ಬರಹಕ್ಕೆ ಸಾಮಾನ್ಯವಾಗಿ ಎರಡು ಸಾಲು ಬರೆದು ಸುಮ್ಮನಾಗುತ್ತೇನೆ. ಸಿಟ್ಟು ಬಂದಿದ್ದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅದನ್ನು ಗೌರವ ಅಂತಲೇ ತಿಳಿದುಕೊಳ್ಳಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಇಂಟರ್ನೆಟ್ ಕೊಡುವ ಕಂಪನಿ ಎಲ್ಲ ತಾಣಗಳನ್ನೂ ಒಂದೇ ರೀತಿ ನೋಡಬೇಕು ಅನ್ನುವ ನೆಟ್ ನ್ಯೂಟ್ರಾಲಿಟಿ ವಿಷಯ ಓದಿಕೊಂಡಿದ್ದೀರಿ. ತಾರೀಖುಗಳು ಸರಿ ಇವೆ. ಸೋಲಾಪುರದ ನಿಮ್ಮ ಸೋದರತ್ತೆಯ ಬಗ್ಗೆ ಬರೆದ ಪ್ಯಾರಾ ಚೆನ್ನಾಗಿದೆ. ಆಯ್ತು.

ಈಗ ನಿಮ್ಮ ಹೆದ್ದಾರಿಗೆ ಬರೋಣ. “ಅಂತರ್ಜಾಲವು ಮಾಹಿತಿಯ ಹೆದ್ದಾರಿ. ಹೆದ್ದಾರಿಯಲ್ಲಿ ಎಲ್ಲ ವಾಹನಗಳೂ ಸಮಾನ” ಅಂತ ಶುರು ಮಾಡಿದ್ದೀರಿ. ನೀವು ಟೋಲ್ ಗೇಟ್ ದಾಟಿ ಎಷ್ಟು ದಿನವಾಯಿತು? ಅಲ್ಲಿ ಕಾರಿಗೊಂದು ದರ, ಲಾರಿಗೊಂದು ದರ. ಗಾಡಿ ದೊಡ್ಡದಾದಷ್ಟೂ ದುಡ್ಡು ಜಾಸ್ತಿ. ಟೆಲಿಕಾಂ ಕಂಪನಿಗಳು ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ನಾವು ಬಂಡವಾಳ ಹಾಕಿ ಕಟ್ಟಿದ ದಾರಿಯಲ್ಲಿ ಯಾರ‍್ಯಾರೋ ಗಾಡಿ ಓಡಿಸಿ ದುಡ್ಡು ಮಾಡುತ್ತಿದ್ದಾರೆ, ನಮಗೂ ಪಾಲು ಬೇಕು ಅಂತ. ನಿಮ್ಮ ಮೊದಲ ಸಾಲೇ ಎದುರು ಪಕ್ಷದ ವಕೀಲಿ ಮಾಡುತ್ತಿದೆ. ನಿಮಗದು ಗೊತ್ತೇ ಆಗಿಲ್ಲ.

ಹೋಲಿಕೆ ಬೇಕೇಬೇಕು ಅಂದರೆ ಸಂತೆಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಒಬ್ಬ ದೊಡ್ಡ ಅಂಗಡಿಯವನು ಬಸ್ಸಿನ ಮಾಲೀಕನಿಗೆ ದುಡ್ಡು ಕೊಡುತ್ತಾನೆ. ಅವನ ಅಂಗಡಿಗೆ ಹೋಗುವವರಿಗೆ ಟಿಕೆಟ್ ಇಲ್ಲ. ಪಕ್ಕದಲ್ಲಿ ಗುಡ್ಡೆ ಹಾಕಿಕೊಂಡು ಸೊಪ್ಪು ಮಾರುವ ಹೆಂಗಸಿನ ಹತ್ತಿರ ಹೋಗಬೇಕಾದರೆ ಪೂರ್ತಿ ಟಿಕೆಟ್. ಮೊದಮೊದಲು ಎಲ್ಲರಿಗೂ ಖುಷಿ. ಆರು ತಿಂಗಳಾದ ಮೇಲೆ ಸೊಪ್ಪಿನವಳು ಎಲ್ಲಿ? ಆ್ಯಪ್ ಕಂಪನಿ ದುಡ್ಡು ಕೊಟ್ಟರೆ ಆ ಆ್ಯಪಿನ ಡೇಟಾ ಗ್ರಾಹಕರಿಗೆ ಪುಕ್ಕಟೆ ಅನ್ನುವ ಏರ್‌ಟೆಲ್ ಝೀರೋ ಯೋಜನೆಯ ಮೇಲಿದ್ದ ತಕರಾರು ಇಷ್ಟೇ. ಇದನ್ನು ಹೇಳುವುದಕ್ಕೆ ಹೆದ್ದಾರಿ ಬೇಕಾಗಿಲ್ಲ.

ಇದು ಸಣ್ಣ ತಕರಾರು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ನಿಮ್ಮ ‘ಲಾಯಿತು’ಗಳ ಮೇಲೆ. ಆರು ಪುಟದಲ್ಲಿ ಇಪ್ಪತ್ತಮೂರು. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಉದ್ದೇಶಿಸಲಾಗಿತ್ತು, ಆಹ್ವಾನಿಸಲಾಯಿತು, ವಿರೋಧಿಸಲಾಯಿತು, ನಿಷೇಧಿಸಲಾಯಿತು. ಎಲ್ಲವೂ ಆಗಿದೆ, ಯಾರೂ ಏನೂ ಮಾಡಿಲ್ಲ. ಕೆಲವನ್ನು ಒಂದೊಂದಾಗಿ ನೋಡೋಣ.

“2014ರ ಡಿಸೆಂಬರ್‌ನಲ್ಲಿ ಇಂಟರ್ನೆಟ್ ಕರೆಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಲು ಉದ್ದೇಶಿಸಲಾಗಿತ್ತು.” ಉದ್ದೇಶಿಸಿದ್ದು ಏರ್‌ಟೆಲ್. ಜನ ರೇಗಿದ ಮೇಲೆ ಕೆಲವೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೂ ಅದೇ. ಹೆಸರು ಹಾಕಿದರೆ ಕಂಪನಿಯವರು ಬೇಜಾರು ಮಾಡಿಕೊಳ್ಳುತ್ತಾರಾ? ಎಲ್ಲ ಪತ್ರಿಕೆಗಳಲ್ಲಿ ಬಂದಿದ್ದ ಸುದ್ದಿ ಅದು.

“ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಲಾಯಿತು, ಲಕ್ಷಾಂತರ ಪತ್ರಗಳನ್ನು ಕಳುಹಿಸಲಾಯಿತು.” ಎಂಥ ಕಥೆಯನ್ನು ಎಂಥ ಸಾಲಿನಲ್ಲಿ ಹೂತುಬಿಟ್ಟಿರಿ! 2015ರ ಮಾರ್ಚ್ 27ರಂದು ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ, ಕಬ್ಬಿಣದ ಕಡಲೆಯಂಥ ಇಂಗ್ಲಿಷು. ಯಾರು ಓದುತ್ತಾರೆ ಬಿಡಿ ಅಂತ ಕಂಪನಿಗಳು ನಿರಾಳವಾಗಿದ್ದಿರಬೇಕು. ಅಷ್ಟರಲ್ಲಿ ಒಂದಷ್ಟು ಜನ ಸ್ವಯಂಸೇವಕರು ಕೂತು ಅದನ್ನು ಬಿಡಿಸಿ, ಸುಲಭ ಮಾಡಿ, ಉತ್ತರಗಳನ್ನೂ ಸಿದ್ಧ ಮಾಡಿ ಜನರ ಕೈಗೆ ಕೊಟ್ಟರು. ಒಂದು ತಿಂಗಳು ತುಂಬುವ ಮೊದಲೇ ಟ್ರಾಯ್‌ಗೆ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಇಲ್ಲಿ ಕೇಳಿದವರಿದ್ದಾರೆ, ಬಿಡಿಸಿ ಹೇಳಿದವರಿದ್ದಾರೆ, ಕಳಿಸಿದವರಿದ್ದಾರೆ. ನಿಮ್ಮ ಸಾಲಿನಲ್ಲಿ ಮಾತ್ರ ಒಬ್ಬರೂ ಇಲ್ಲ.

ಮುಂದಿನ ಸಾಲು: “ಪತ್ರ ಬರೆದವರ ಇಮೇಲ್ ವಿಳಾಸಗಳು ಬಹಿರಂಗಗೊಂಡವು.” ಬಹಿರಂಗ ತಾನಾಗಿಯೇ ಗೊಳ್ಳಲಿಲ್ಲ. ಟ್ರಾಯ್ ಅಷ್ಟೂ ಇಮೇಲ್‌ಗಳನ್ನು ವಿಳಾಸದ ಸಮೇತ ತನ್ನ ವೆಬ್‌ಸೈಟಿಗೆ ಹಾಕಿತು. ಇಂಟರ್ನೆಟ್ ಉಳಿಸಿ ಎಂದು ಬರೆದವರ ವಿಳಾಸವನ್ನು ಕಸದ ಇಮೇಲ್ ಕಳಿಸುವವರ ಮುಂದೆ ಇಟ್ಟಿತು. ಇಲ್ಲಿ ನಗಬೇಕೋ ಅಳಬೇಕೋ ಅನ್ನುವುದನ್ನು ಓದುಗರಿಗೆ ಬಿಡಿ. ಆದರೆ ಮಾಡಿದ್ದು ಯಾರು ಅಂತ ಹೇಳಿ.

“ಕೆಲವು ಸಂಸ್ಥೆಗಳಿಂದ ಯೋಜನೆಯಿಂದ ಹಿಂದೆ ಸರಿಯಲಾಯಿತು.” ಸರಿಯಲಾಯಿತು! ಇದನ್ನು ಜೋರಾಗಿ ಓದಿ ನೋಡಿದಿರಾ? ಸರಿದದ್ದು ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್. 2015ರ ಏಪ್ರಿಲ್‌ನಲ್ಲಿ ಜನ ಸಿಟ್ಟಿಗೆದ್ದು ಅದರ ಆ್ಯಪಿಗೆ ಒಂದೊಂದೇ ಸ್ಟಾರ್ ಕೊಡುತ್ತಾ ಹೋದರು. ಕಂಪನಿ ಏರ್‌ಟೆಲ್ ಝೀರೋ ಬಿಟ್ಟು ಹೊರಗೆ ಬಂತು. ನಮ್ಮೂರಿನ ಕಂಪನಿಯ ಹೆಸರನ್ನೇ ಬಿಟ್ಟಿದ್ದೀರಲ್ಲ, ಯಾಕೆ?

“ಫ್ರೀ ಬೇಸಿಕ್ಸ್‌ಗೆ ಅಪಾರ ಬೆಂಬಲ ವ್ಯಕ್ತಪಡಿಸಲಾಯಿತು.” ಈ ಸಾಲು ತಪ್ಪಷ್ಟೇ ಅಲ್ಲ, ಅಪಾಯ. ಫ್ರೀ ಬೇಸಿಕ್ಸ್ ಅಂದರೆ ಆಯ್ದ ತಾಣಗಳನ್ನಷ್ಟೇ ಪುಕ್ಕಟೆ ತೋರಿಸುವ ಫೇಸ್‌ಬುಕ್ ಯೋಜನೆ. ಅದರ ಪರವಾಗಿ 2015ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ತನ್ನ ಬಳಕೆದಾರರ ಮುಂದೆ ಮೊದಲೇ ಬರೆದಿಟ್ಟ ಪತ್ರ ಹಿಡಿದು, ಒಂದು ಬಟನ್ ಒತ್ತಿ ಸಾಕು, ಟ್ರಾಯ್‌ಗೆ ಹೋಗುತ್ತದೆ ಅಂದಿತು. ಒತ್ತಿದವರಲ್ಲಿ ಎಷ್ಟೋ ಜನಕ್ಕೆ ಏನು ಒತ್ತಿದೆವು ಅಂತಲೂ ಗೊತ್ತಿರಲಿಲ್ಲ. ಆ ತಿಂಗಳ ಹೊಸ ಸಮಾಲೋಚನಾ ಪತ್ರದಲ್ಲಿ ಟ್ರಾಯ್ ಕೇಳಿದ್ದು ನಾಲ್ಕು ಪ್ರಶ್ನೆ. ಈ ಪತ್ರದಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ ಅಂತ ಟ್ರಾಯೇ ತಕರಾರು ತೆಗೆಯಿತು. ಸ್ವಯಂಸೇವಕರ ಸಿದ್ಧ ಉತ್ತರ ಏಪ್ರಿಲ್‌ನಲ್ಲೂ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು, ಕೇಳಿ. ಅದು ಒಳ್ಳೆಯ ಪ್ರಶ್ನೆ. ಎರಡೂ ಕಡೆಯವರನ್ನು ಹೆಸರಿಟ್ಟು ಪಕ್ಕಪಕ್ಕ ನಿಲ್ಲಿಸಿದರೆ ತಾನೇ ಆ ಪ್ರಶ್ನೆ ಹುಟ್ಟುವುದು?

ನನಗೆ ಈ ರೋಗ ಬಿಡಿಸಿದವರು ಒಬ್ಬರು ಹಿರಿಯ ಉಪಸಂಪಾದಕರು. ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ತರಬೇತಿಗೆ ಸೇರಿದ್ದೆ. ಟೆಲಿಪ್ರಿಂಟರ್ ಕಟಕಟ ಅನ್ನುತ್ತಿದ್ದ ಕಾಲ. ಇಂಗ್ಲಿಷ್ ಸುದ್ದಿ ಹರಿದು ತಂದು ರಾತ್ರಿಯೆಲ್ಲ ಕನ್ನಡ ಮಾಡುತ್ತಿದ್ದೆವು. ಇಂಗ್ಲಿಷಿನಲ್ಲಿ ಮಾಡಿದವನು ಕಾಣದಿದ್ದರೆ ಕನ್ನಡದಲ್ಲೂ ಒಂದು ‘ಲಾಯಿತು’ ಅಂಟಿಸಿ ಮುಂದಕ್ಕೆ ಹೋಗುವುದು. ಆಮೇಲೆ ನಾವೇ ಸ್ವಂತ ಸುದ್ದಿ ಬರೆಯುವಾಗಲೂ ಅದೇ ಚಾಳಿ. ಒಂದು ದಿನ “ಪಟ್ಟಣದಲ್ಲಿ ನಾಲ್ಕು ದಿನಗಳಿಂದ ನೀರು ಸರಬರಾಜು ಸ್ಥಗಿತಗೊಳಿಸಲಾಗಿದೆ” ಅಂತ ಬರೆದು ಕೊಟ್ಟೆ. ಅವರು ಕನ್ನಡಕ ಮೇಲೆತ್ತಿ ನೋಡಿದರು.

“ಯಾರಯ್ಯ ನಿಲ್ಲಿಸಿದ್ದು?”

“ನಿಂತಿದೆ ಸಾರ್.”

“ನೀರಿಗೇ ಬೇಜಾರಾಗಿ ನಿಂತ್ಕೊಂಡ್ತಾ?”

ಪಕ್ಕದ ಮೇಜಿನವರೆಲ್ಲ ನಕ್ಕರು. ಕಿವಿ ಕೆಂಪಗಾಯಿತು. ಎದ್ದು ಹೋಗಿ ಎಂಜಿನಿಯರ್‌ಗೆ ಫೋನ್ ಮಾಡಿದೆ, ಆಮೇಲೆ ಇನ್ನಿಬ್ಬರಿಗೆ. ಬಿಲ್ ಪಾಸಾಗಿಲ್ಲ ಅಂತ ಗುತ್ತಿಗೆದಾರ ಪಂಪ್‌ಹೌಸಿಗೆ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿಕೊಂಡು ಊರಿಗೆ ಹೋಗಿದ್ದ! ನಾಲ್ಕು ಸಾಲಿನ ಸುದ್ದಿ ಮರುದಿನ ಜಿಲ್ಲಾ ಪುಟದ ತಲೆಬರಹವಾಯಿತು. ಹಿರಿಯರು ಶಹಬ್ಬಾಸ್ ಅನ್ನಲಿಲ್ಲ. ಟೀ ಕುಡಿಸಿದರು, ದುಡ್ಡು ನನ್ನ ಕೈಲೇ ಕೊಡಿಸಿದರು. ಇವತ್ತಿಗೂ ಬರೆದದ್ದನ್ನು ಓದುವಾಗ ಯಾರಯ್ಯ ಅನ್ನುವ ದನಿ ಕೇಳುತ್ತದೆ.

ಬೇರೆ ವಿಷಯವಾಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ನೆಟ್ ನ್ಯೂಟ್ರಾಲಿಟಿ ಜಗಳ ಇರುವುದೇ ಇದರ ಮೇಲೆ. ದಾರಿಯಲ್ಲಿ ಕೈ ಅಡ್ಡ ಹಿಡಿಯುವವರು ಯಾರು, ಕಂಪನಿಯೋ ಸರ್ಕಾರವೋ? ಮಾಡಿದವರನ್ನು ಅಳಿಸಿದ್ದಕ್ಕೇ ನಿಮ್ಮ ಲೇಖನ ಕೊನೆಯಲ್ಲಿ ದಾರಿ ತಪ್ಪಿತು. ನಾಲ್ಕನೇ ಪುಟದಲ್ಲಿ, 2016ರ ಫೆಬ್ರವರಿ 8ರ ನಿಷೇಧ “ಸ್ವಾಗತಾರ್ಹ” ಅಂದಿರಿ. ಒಂದೊಂದು ತಾಣಕ್ಕೆ ಒಂದೊಂದು ಡೇಟಾ ದರ ಹಾಕಬೇಡಿ, ಹಾಕಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ ಅಂತ ಟ್ರಾಯ್ ಹೇಳಿದ ದಿನ ಅದು. ಆರನೇ ಪುಟದಲ್ಲಿ “ಸರ್ಕಾರ ಇಂಟರ್ನೆಟ್‌ನಿಂದ ದೂರ ಇರಬೇಕು” ಅಂದಿರಿ. ಯಾವುದು ಸ್ವಾಮಿ? ಟ್ರಾಯ್ ದೂರ ಇದ್ದಿದ್ದರೆ ನಾಲ್ಕನೇ ಪುಟವೇ ಇರುತ್ತಿರಲಿಲ್ಲ. ದೂರ ಇರಬೇಕು ಅಂದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಇಂಟರ್ನೆಟ್ ಬಂದ್ ಇರಬೇಕು. ಅದನ್ನು ಮಾಡುವುದು ಬೇರೆ ಕೈ. 2017ರ ನಿಯಮದಲ್ಲಿ ರಾಜ್ಯದ ಮಟ್ಟಿಗೆ ಆ ಆದೇಶದ ಅಧಿಕಾರ ಇದ್ದದ್ದು ಗೃಹ ಇಲಾಖೆಯ ಕಾರ್ಯದರ್ಶಿಗೆ. ಎರಡಕ್ಕೂ ‘ಸರ್ಕಾರ’ ಅಂತ ಒಂದೇ ಟೋಪಿ ಹಾಕಿದರೆ ಹೇಗೆ?

ಅಮೆರಿಕದಲ್ಲಿ ಈ ಪ್ರಶ್ನೆಗೆ ಅಲ್ಲಿನ ಟೆಲಿಕಾಂ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ಐದು ಜನ ಕೂತು 2015ರಲ್ಲಿ 3–2 ಮತದಿಂದ ನಿಯಮ ಬೇಕು ಅಂದರು. 2017ರಲ್ಲಿ ಅಜಿತ್ ಪೈ ಅಧ್ಯಕ್ಷರಾಗಿದ್ದಾಗ ಅದೇ 3–2ರಿಂದ ಬೇಡ ಅಂದರು. ಆಗ ಅಲ್ಲಿ ಒಬ್ಬರ ಮತ ಆಚೆ ಈಚೆ ಆದರೆ ದೇಶದ ಇಂಟರ್ನೆಟ್ ನಿಯಮವೇ ಬದಲಾಗುತ್ತಿತ್ತು. ನೀವು ಇದನ್ನು “ನಿಯಮಗಳನ್ನು ರೂಪಿಸಲಾಯಿತು ಹಾಗೂ ಹಿಂಪಡೆಯಲಾಯಿತು” ಅಂತ ಮುಗಿಸಿದ್ದೀರಿ.

ಉಳಿದದ್ದರ ಬಗ್ಗೆ, ಉಪಶೀರ್ಷಿಕೆ, ಕಾಗುಣಿತ ಎಲ್ಲ, ನಾನು ಏನೂ ಹೇಳುವುದಿಲ್ಲ. ಅವನ್ನು ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ.

ನಿಮ್ಮ ಸೋದರತ್ತೆಯ ಪ್ಯಾರಾದಲ್ಲೂ ಒಂದು ಇದೆ: “2015ರಲ್ಲಿ ಅತ್ತೆಯ ಮೊಬೈಲಿಗೆ ಉಚಿತ ಇಂಟರ್ನೆಟ್ ನೀಡಲಾಗಿತ್ತು.” ಆ ವರ್ಷ ಮಹಾರಾಷ್ಟ್ರದಲ್ಲಿ ಅದನ್ನು ಫೇಸ್‌ಬುಕ್ ಜೊತೆ ಸೇರಿ ಕೊಟ್ಟದ್ದು ರಿಲಯನ್ಸ್ ಕಮ್ಯುನಿಕೇಷನ್ಸ್. ವಿಡಿಯೊ ಬರುತ್ತಿರಲಿಲ್ಲ, ಪಟ್ಟಿಯಲ್ಲಿದ್ದ ತಾಣಗಳಷ್ಟೇ ಪುಕ್ಕಟೆ. ಅತ್ತೆಗೆ ಒಂದು ಫೋನ್ ಮಾಡಿ. ಆಗ ಏನೇನು ತೆರೆಯುತ್ತಿತ್ತು, ಏನು ಹುಡುಕಿದಾಗ ದುಡ್ಡು ಕೇಳಿತು, ಕೇಳಿದಾಗ ಅವರು ಏನು ಮಾಡಿದರು, ಎಲ್ಲ ಕೇಳಿ ಬರೆದುಕೊಳ್ಳಿ. ಲೇಖನ ಅಲ್ಲಿಂದ ಶುರು ಮಾಡಿ ಮತ್ತೆ ಕಳಿಸಿ. ಯುಗಾದಿ ಸಂಚಿಕೆಗೆ ಇನ್ನೂ ಜಾಗ ಇದೆ.